ಪೀಕಿಂಗಿನ ಪಂಡಿತ ಗುರು: ಮತ್ತೆಯೊ ರಿಚ್ಚಿ

ಚೀನೀಯರು ಲೀ ಮಾದೋ ಎಂದು ಕರೆದು ಗೌರವಿಸಿದ ಮತ್ತೆಯೊ ರಿಚ್ಚಿ ಸ್ವಾಮಿಯವರು 1552ರ ಅಕ್ಟೋಬರ್ 6ರಂದು ಇಟಲಿಯ ಮಾಚೆರಾತ ಪಟ್ಟಣದಲ್ಲಿ ಜನಿಸಿದರು. ನ್ಯಾಯಶಾಸ್ತ್ರ ಓದಲೆಂದು ತಂದೆ ರೋಮಿಗೆ ಕಳುಹಿಸಿದರೆ, ಮಗ 1571ರಲ್ಲಿ ಯೇಸುಸಭೆಯನ್ನು ಸೇರಿದರು. ಅಲ್ಲಿ ಅವರಿಗೆ ಗಣಿತವನ್ನು ಬೋಧಿಸಿದವರು, ಇಂದು ನಮ್ಮ ಮನೆಮನೆಯ ಗೋಡೆಯಲ್ಲಿ ತೂಗುವ ಗ್ರೆಗೋರಿಯನ್ ಪಂಚಾಂಗದ ಶಿಲ್ಪಿಗಳಲ್ಲೊಬ್ಬರಾದ ಕ್ಲಾವಿಯುಸ್.

1578ರಲ್ಲಿ ಅವರು ಲಿಸ್ಬನ್ನಿನಿಂದ ಹಡಗೇರಿ ಗೋವೆಗೆ ಬಂದಿಳಿದರು. 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದರು. ಗೋವೆಯಲ್ಲಿ ಆಗ ಒಂದು ವಿವಾದವೆದ್ದಿತ್ತು. ಭಾರತೀಯ ವಿದ್ಯಾರ್ಥಿಗಳಿಗೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಕಲಿಸಿದರೆ ಅವರು ಗರ್ವಿಗಳಾಗುವರೆಂದು ಹಿರಿಯರು ಕೆಲವರು ಆ ತರಗತಿಗಳ ಬಾಗಿಲು ಮುಚ್ಚಿದರು. ಇಪ್ಪತ್ತೊಂಬತ್ತರ ಹರೆಯದ ರಿಚ್ಚಿಯವರು 1581ರಲ್ಲಿ ರೋಮಿನ ಮಹಾಶ್ರೇಷ್ಠರಿಗೆ ಪತ್ರ ಬರೆದು ಇದನ್ನು ಪ್ರತಿಭಟಿಸಿದರು. ವಿದ್ಯೆಯಿಂದ ಗರ್ವ ಬರುವುದಾದರೆ ಯುರೋಪಿನವರಿಗೂ ಬರುತ್ತದೆ, ಆ ಕಾರಣಕ್ಕೆ ಅಲ್ಲಿ ಯಾರೂ ಪಾಠಶಾಲೆ ಮುಚ್ಚಲಿಲ್ಲವೆಂಬುದು ಅವರ ವಾದದ ಸಾರ. ಈ ದೇಶದ ಗುರುಮಠಗಳಲ್ಲಿ ಓದಿದ ನಾವೆಲ್ಲರೂ ಆ ಪತ್ರಕ್ಕೆ ಋಣಿಗಳೆಂದೇ ನನ್ನ ಭಾವನೆ.

1582ರಲ್ಲಿ ಮಕಾವು ಸೇರಿ, ಮರುವರ್ಷ ರುಜ್ಜಿಯೇರಿ ಸ್ವಾಮಿಯವರೊಡನೆ ಝಾವೊಚಿಂಗ್ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿನ ಅಧಿಕಾರಿಯೊಬ್ಬರು ತಾನಾಗಿ ಗಂಟೆ ಬಾರಿಸುವ ಗಡಿಯಾರಕ್ಕಾಗಿ ಆಸೆಪಟ್ಟರು. ಅದನ್ನು ನಿರ್ಮಿಸಲು ಮಕಾವಿನಿಂದ ಬಂದವನು ನಮ್ಮ ಕಡೆಯವನೇ; ಗೋವೆಯ ಸುತ್ತಿನ ಜನರನ್ನು ಪೋರ್ಚುಗೀಸರು ಕನಾರಿಂ ಎನ್ನುತ್ತಿದ್ದರು, ಅಂಥವನೊಬ್ಬ ಕುಶಲಕರ್ಮಿ. ಅವನ ಕಪ್ಪು ಮೈಬಣ್ಣವನ್ನು ಕಂಡು ಚೀನೀಯರು ಬೆರಗಾದರಂತೆ. ಆದರೆ ಆ ಗಡಿಯಾರವನ್ನು ಸರಿಯಾಗಿ ನಡೆಸಬಲ್ಲವರು ತಮ್ಮ ಮನೆಯಲ್ಲಿ ಇಲ್ಲದ್ದರಿಂದ ಅಧಿಕಾರಿಗಳು ಅದನ್ನು ಹಿಂದಿರುಗಿಸಿದರು. ವಸ್ತು ಬಂದಿತ್ತು, ಅದರ ವಿದ್ಯೆ ಇನ್ನೂ ಬಂದಿರಲಿಲ್ಲ.

ವೇಷದ ವಿಷಯದಲ್ಲೂ ಹೀಗೆಯೇ. ಮೊದಲು ಅವರು ತಲೆಬೋಳಿಸಿ ಬೌದ್ಧ ಭಿಕ್ಷುಗಳ ಉಡುಪು ಧರಿಸಿದ್ದರು. ಪಂಡಿತ ವರ್ಗದಲ್ಲಿ ಭಿಕ್ಷುಗಳಿಗೆ ಮನ್ನಣೆಯಿಲ್ಲವೆಂದು ತಿಳಿದಾಗ, 1595ರಲ್ಲಿ ಗಡ್ಡ ಬಿಟ್ಟು ರೇಷ್ಮೆಯ ಪಂಡಿತವಸ್ತ್ರ ಉಟ್ಟರು. ಕನ್‌ಫ್ಯೂಶಿಯಸ್‌ನ ಗ್ರಂಥಗಳನ್ನು ಆಳವಾಗಿ ಅಭ್ಯಸಿಸಿ, ಚೀನೀ ಭಾಷೆಯಲ್ಲಿಯೇ ಮೈತ್ರಿಯನ್ನು ಕುರಿತು ಗ್ರಂಥ ರಚಿಸಿದರು.

1601ರ ಜನವರಿಯಲ್ಲಿ ಪೀಕಿಂಗ್ ತಲುಪಿದರು. ವಾನ್‌ಲೀ ಚಕ್ರವರ್ತಿಯ ಮುಖದರ್ಶನ ಅವರಿಗೆ ಕೊನೆಯವರೆಗೂ ದೊರೆಯಲಿಲ್ಲ. ಅವರು ಕಾಣಿಕೆಯಿತ್ತ ಗಡಿಯಾರಗಳಿಗೆ ಮಾತ್ರ ದೊರೆಯಿತು! ಅವುಗಳನ್ನು ನಡೆಸುವ ಕ್ರಮವನ್ನು ಈ ಬಾರಿ ಅರಮನೆಯ ಸೇವಕರಿಗೇ ಕಲಿಸಿದರು. 1602ರಲ್ಲಿ ಮುದ್ರಿತವಾದ ಅವರ ಜಗತ್ತಿನ ಭೂಪಟದಲ್ಲಿ ಚೀನಾ ನಡುವಿಗೆ ಸಮೀಪದಲ್ಲಿದೆ. ಯುರೋಪಿನ ಪಟಗಳಲ್ಲಾದರೋ ಅದು ಪೂರ್ವದ ಅಂಚಿನಲ್ಲಿತ್ತು. ಇದನ್ನು ಮುಖಸ್ತುತಿಯೆನ್ನುವವರುಂಟು. ಗುಂಡಗಿರುವ ಭೂಮಿಗೆ ಮಧ್ಯವೆಲ್ಲಿಯದು?

ಪೌಲನೆಂಬ ಹೆಸರಿನಿಂದ ಜ್ಞಾನಸ್ನಾನ ಪಡೆದಿದ್ದ ವಿದ್ವಾಂಸ ಷೂ ಗ್ವಾಂಗ್‌ಚಿಯವರೊಡನೆ ಯೂಕ್ಲಿಡನ ಮೊದಲ ಆರು ಪುಸ್ತಕಗಳನ್ನು ಅನುವಾದಿಸಿ 1607ರಲ್ಲಿ ಪ್ರಕಟಿಸಿದರು. ರೇಖಾಗಣಿತಕ್ಕೆ ಅವರು ಆರಿಸಿದ ಪದ ಜೀಹೆ. ಎಷ್ಟು ಎಂಬ ಅರ್ಥದ ಹಳೆಯ ಚೀನೀ ಮಾತು ಅದು. ಚೀನಾದ ಮಕ್ಕಳು ಇಂದಿಗೂ ಆ ಹೆಸರಿನಲ್ಲೇ ಆ ಶಾಸ್ತ್ರವನ್ನು ಕಲಿಯುತ್ತಾರೆ, ಅದರ ಹಿಂದೆ ಒಬ್ಬ ಪಾದ್ರಿ ಇದ್ದನೆಂಬುದನ್ನು ನೆನೆಯದೆಯೇ.

1610ರ ಮೇ 11ರಂದು ಅವರು ದೈವಾಧೀನರಾದಾಗ ಚಕ್ರವರ್ತಿ ಸಮಾಧಿಗಾಗಿ ಭೂಮಿಯನ್ನು ದಯಪಾಲಿಸಿದನು.

ಅವರ ನಿಜವಾದ ಪರೀಕ್ಷೆ ಮರಣಾನಂತರ ನಡೆಯಿತು. ಪಿತೃಗಳಿಗೂ ಕನ್‌ಫ್ಯೂಶಿಯಸನಿಗೂ ಸಲ್ಲಿಸುವ ವಂದನೆ ಲೋಕಮರ್ಯಾದೆಯೇ ಹೊರತು ಆರಾಧನೆಯಲ್ಲವೆಂದು ರಿಚ್ಚಿಯವರು ಬಗೆದಿದ್ದರು. ಇದು ವಿಗ್ರಹಾರಾಧನೆಯೆಂದು ಬೇರೆ ಸಭೆಗಳ ಗುರುಗಳು ರೋಮಿಗೆ ದೂರಿತ್ತರು. ವಿಶ್ವಾಸವು ಕಲುಷಿತವಾದೀತೆಂಬ ಅವರ ಭಯವನ್ನು ನಾನು ಹಗುರವೆಣಿಸಲಾರೆ. ಆದರೆ ಮನೆಯ ಹಿರಿಯರಿಗೆ ತಲೆಬಾಗುವುದನ್ನೇ ತೊರೆಯಬೇಕಾದ ಕ್ರೈಸ್ತನ ಸಂಕಟವನ್ನು ಅವರು ತೂಗಿ ನೋಡಲಿಲ್ಲ. 1715ರಲ್ಲಿ ಹನ್ನೊಂದನೆಯ ಕ್ಲೆಮೆಂಟರೂ 1742ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರೂ ಆ ಆಚರಣೆಗಳನ್ನು ನಿಷೇಧಿಸಿದರು. ಹನ್ನೆರಡನೆಯ ಭಕ್ತಿನಾಥರ ಕಾಲದಲ್ಲಿ, 1939ರಲ್ಲಿ, ರೋಮ್ ಆ ನಿಷೇಧವನ್ನು ಸಡಿಲಿಸುವ ಹೊತ್ತಿಗೆ ಸುಮಾರು ಎರಡು ಶತಮಾನಗಳು ಕಳೆದುಹೋಗಿದ್ದವು. 2022ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ರಿಚ್ಚಿಯವರನ್ನು ವಂದನೀಯರೆಂದು ಸಾರಿದರು. ಪೀಕಿಂಗಿನಲ್ಲಿರುವ ಅವರ ಸಮಾಧಿಶಿಲೆಯ ಮೇಲೆ ಲ್ಯಾಟಿನ್ ಮತ್ತು ಚೀನೀ ಬರಹಗಳು ಅಕ್ಕಪಕ್ಕದಲ್ಲಿವೆ.