ಅಮ್ಮನ ಎರಡು ಮಾತ್ರೆ ಮತ್ತು ಸುಬ್ಬರಾವ್

ಅಮ್ಮನಿಗೆ ಸಂಧಿವಾತ. ಭಾನುವಾರ ಒಂದು ಮಾತ್ರೆ, ಮೆಥೊಟ್ರೆಕ್ಸೇಟ್. ಮಂಗಳವಾರ ಇನ್ನೊಂದು, ಫೋಲಿಕ್ ಆಮ್ಲ. ಎರಡನ್ನೂ ಒಂದೇ ದಿನ ನುಂಗಬಾರದೆಂದು ಡಾಕ್ಟರು ಹೇಳಿದ್ದಾರೆ. ಅಗ್ರಹಾರದ ಮೆಡಿಕಲ್ ಸ್ಟೋರಿನಿಂದ ಅವನ್ನು ತರುವುದು ನನ್ನ ಕೆಲಸ. ಮಾನಸಗಂಗೋತ್ರಿಯಲ್ಲಿ ಸಾವಯವ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಮೇಲೆ ನನಗಿರುವ ಕೆಲಸ ಸದ್ಯಕ್ಕೆ ಅದೊಂದೇ! ಕಳೆದ ತಿಂಗಳು ಒಂದು ಔಷಧ ಕಂಪನಿಯ ಸಂದರ್ಶನದಲ್ಲಿ, ಡಿಗ್ರಿಯಲ್ಲಿ ಒಂದು ವಿಷಯ ಫೇಲಾಗಿದ್ದನ್ನೇ ಕೆದಕಿ ಕಳಿಸಿದರು. ಬೇಜಾರಿನಲ್ಲಿ ಓದುತ್ತಾ ಕೂತಾಗ ಸಿಕ್ಕವರು ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಇವರು ಮೆಟ್ರಿಕ್ ಪಾಸಾದದ್ದು ಮೂರನೇ ಸಲಕ್ಕೆ. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಗಾಂಧೀಜಿಯ ಪ್ರಭಾವದಿಂದ ಖಾದಿ ಗೌನು ತೊಟ್ಟರು. ಇಂಗ್ಲಿಷ್ ಪ್ರೊಫೆಸರರಿಗೆ ಸಿಟ್ಟು ಬಂತು. ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕಡಿಮೆಯ ಎಲ್‌ಎಂಎಸ್. ಸಹೋದರ ಪುರುಷೋತ್ತಮ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಆಯುರ್ವೇದ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿ, ಹೆಂಡತಿಯನ್ನು ಊರಲ್ಲೇ ಬಿಟ್ಟು ಅಮೆರಿಕಕ್ಕೆ ಹೋದರು. ಮತ್ತೆ ಹಿಂತಿರುಗಲೇ ಇಲ್ಲ. ಆ ಹೆಂಡತಿಯ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ.

ಬಾಸ್ಟನ್ನಿನಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ದುಡಿದರು. ಹಗಲು ಹಾರ್ವರ್ಡ್. ಅಲ್ಲಿ ಸೈರಸ್ ಫಿಸ್ಕ್ ಜತೆ 1925ರಲ್ಲಿ ಪ್ರಕಟಿಸಿದ ರಂಜಕ ಅಳೆಯುವ ವಿಧಾನ ಇಂದಿಗೂ ಇಬ್ಬರ ಹೆಸರಲ್ಲೇ ಇದೆ. 1929ರಲ್ಲಿ ಸ್ನಾಯುವಿನಿಂದ ಎಟಿಪಿ ಬೇರ್ಪಡಿಸಿದರು. ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿದ ಅದೇ ಎಟಿಪಿ. ಇಷ್ಟಾದರೂ ಕಾಯಂ ಹುದ್ದೆ ಸಿಗಲಿಲ್ಲ.

1940ರಲ್ಲಿ ನ್ಯೂಯಾರ್ಕಿನ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಕಂಪನಿ ಸೇರಿದರು. ಯಕೃತ್ತಿನಲ್ಲಿ ಅತ್ಯಲ್ಪವಾಗಿ ಸಿಗುತ್ತಿದ್ದ ಫೋಲಿಕ್ ಆಮ್ಲವನ್ನು ಅವರ ತಂಡ 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿತು. ಒಂದು ಪಿರಿಮಿಡಿನ್, ಎರಡು ಬ್ರೋಮಿನ್ ಇರುವ ಒಂದು ಆಲ್ಡಿಹೈಡ್, ಗ್ಲುಟಾಮಿಕ್ ಆಮ್ಲ ಅಂಟಿಕೊಂಡ ಪ್ಯಾರಾ-ಅಮೈನೊಬೆನ್ಜೋಯಿಕ್ ಆಮ್ಲ: ಮೂರನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿದರು. ಹೆಸರು ಕೇಳಿ ಹೆದರಬೇಡಿ, ಲ್ಯಾಬಿನಲ್ಲಿ ಒಂದು ಹಂತ ಕಡಿಮೆಯಾದರೆ ಎಷ್ಟು ಸಂತೋಷವೆಂದು ಮಾಡಿದವರಿಗೇ ಗೊತ್ತು. ಸಹೋದರನನ್ನು ಬಲಿ ಪಡೆದ ಸ್ಪ್ರೂ ಕಾಯಿಲೆಗೂ ಫೋಲಿಕ್ ಆಮ್ಲ ಮದ್ದಾಯಿತು.

ಅದೇ ಅಣುವಿನಲ್ಲಿ ಒಂದು ಹೈಡ್ರಾಕ್ಸಿಲ್ ಜಾಗದಲ್ಲಿ ಅಮೈನೊ ಗುಂಪು ಕೂರಿಸಿದಾಗ ಅಮೈನಾಪ್ಟರಿನ್ ಆಯಿತು. ಜೀವಕೋಶ ಇದನ್ನು ಫೋಲಿಕ್ ಆಮ್ಲವೆಂದೇ ನಂಬಿ ಮೋಸಹೋಗುತ್ತದೆ, ಬೆಳೆಯಲಾಗದೆ ನಿಲ್ಲುತ್ತದೆ. ಸಿಡ್ನಿ ಫಾರ್ಬರ್ ಇದನ್ನು ರಕ್ತಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. ಕೆಲವು ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡ ವರದಿ 1948ರಲ್ಲಿ ಬಂತು. ಇನ್ನೊಂದು ಮೀಥೈಲ್ ಸೇರಿಸಿದರೆ ಅದೇ ಮೆಥೊಟ್ರೆಕ್ಸೇಟ್. ನಮ್ಮ ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗಕ್ಕೆ ಮನೆಮನೆಗೆ ಹೋಗಿ ನುಂಗಿಸುವ ಡಿಇಸಿ ಮಾತ್ರೆಯೂ ಅವರ ಲೆಡರ್ಲೆ ತಂಡದ್ದೇ.

1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 53.

ಮೊನ್ನೆ ಭಾನುವಾರ ಅಮ್ಮನಿಗೆ ಈ ಕಥೆ ಹೇಳಿದೆ. ಅವರು ಮಾತ್ರೆಯನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದರು. ಮೆಟ್ರಿಕ್ ಎಷ್ಟು ಸಲ ಫೇಲಾಗಿದ್ದರು ಎಂದು ಮತ್ತೊಮ್ಮೆ ಕೇಳಿ, ನೀರು ಕುಡಿದರು.