ಗುಡ್‌ಮನ್ ಹೆಸರು, ಹೆಂಡರ್ಸನ್ ಬರಹ

ನಮ್ಮೂರ ಮದುವೆಗಳಲ್ಲಿ ಬ್ಯಾಂಡ್‌ಸೆಟ್‌ನವರು ಊದುತ್ತಿದ್ದ ಕ್ಲಾರಿಯೋನೆಟ್ ನಿಮಗೆಲ್ಲ ನೆನಪಿರಬೇಕು. ಅದೇ ವಾದ್ಯ ಹಿಡಿದು ಇಡೀ ಅಮೆರಿಕವನ್ನು ಕುಣಿಸಿದವರು ಬೆನ್ನಿ ಗುಡ್‌ಮನ್. ಕೆಲಸದ ಮೇಲೆ ಅಟ್ಲಾಂಟಾದಿಂದ ಶಾರ್ಲಟ್‌ಗೆ ಹೋಗುವಾಗ ಆ ನಾಲ್ಕು ಗಂಟೆ ದಾರಿಗೆ ನಾನು ಹಾಕಿಕೊಳ್ಳೋದು ಅವರ ಹಳೇ ರೆಕಾರ್ಡುಗಳನ್ನೇ. ಕೇಳ್ತಾ ಕೇಳ್ತಾ ಅವರ ಬದುಕನ್ನೂ ಓದಿಕೊಂಡೆ. ಓದಿದ ಮೇಲೆ, ಇದು ನಮ್ಮಂಥ ವಲಸಿಗರ ಕಥೆಯೇ ಅನ್ನಿಸಿತು.

ಗುಡ್‌ಮನ್ ಹುಟ್ಟಿದ್ದು 1909ರ ಮೇ 30ರಂದು, ಷಿಕಾಗೋದಲ್ಲಿ. ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವರು. ಅಪ್ಪ ಡೇವಿಡ್ ವಾರ್ಸಾದಿಂದ ಬಂದ ಯಹೂದಿ. ಬಟ್ಟೆ ಹೊಲಿದು, ಕಸಾಯಿಖಾನೆಯಲ್ಲಿ ಕೊಬ್ಬು ಎತ್ತಿಹಾಕಿ ಮನೆ ನಡೆಸಿದವರು. ಮಕ್ಕಳಿಗೆ ಈ ಪಾಡು ಬೇಡ ಅಂತ ಮೂವರನ್ನು ತಮ್ಮ ಪ್ರಾರ್ಥನಾ ಮಂದಿರದ ಸಂಗೀತ ಪಾಠಕ್ಕೆ ಸೇರಿಸಿದರು. ದೊಡ್ಡವನಿಗೆ ಟ್ಯೂಬಾ, ನಡುವಿನವನಿಗೆ ಟ್ರಂಪೆಟ್, ಚಿಕ್ಕವನಾದ ಬೆನ್ನಿಗೆ ಕ್ಲಾರಿನೆಟ್ ಸಿಕ್ಕಿತು. ಹದಿಹರೆಯದಲ್ಲೇ ಬೆನ್ನಿ ವಾದ್ಯ ನುಡಿಸಿ ದುಡಿಯತೊಡಗಿದ. ಆದರೆ 1926ರಲ್ಲಿ ಕಾರು ಬಡಿದು ಅಪ್ಪ ತೀರಿಹೋದರು. ಮಗ ದೊಡ್ಡವನಾಗಿದ್ದನ್ನು ಅವರು ನೋಡಲೇ ಇಲ್ಲ. ಆ ಕೊರಗು ಗುಡ್‌ಮನ್ ಅವರನ್ನು ಬಹುಕಾಲ ಕಾಡಿತು.

1934ರಲ್ಲಿ ಸ್ವಂತ ತಂಡ ಕಟ್ಟಿದರು. ಶನಿವಾರ ರಾತ್ರಿಯ ರೇಡಿಯೋ ಕಾರ್ಯಕ್ರಮವೂ ಸಿಕ್ಕಿತು. ತಂಡವೇನೋ ಆಯಿತು, ಅದು ನುಡಿಸೋದು ಏನನ್ನು? ಅದನ್ನು ಬರೆದುಕೊಟ್ಟವರಲ್ಲಿ ಮುಖ್ಯರು ಫ್ಲೆಚರ್ ಹೆಂಡರ್ಸನ್. ಇವರು ನಮ್ಮ ಜಾರ್ಜಿಯಾದ ಕತ್‌ಬರ್ಟ್‌ನವರು. ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಓದಿ 1920ರಲ್ಲಿ ನ್ಯೂಯಾರ್ಕ್ ಸೇರಿದರು. ಕಪ್ಪು ಜನರಿಗೆ ಆ ಓದಿನ ಬಾಗಿಲು ಸುಲಭವಾಗಿ ತೆರೆಯದ ಕಾಲ ಅದು. ಅವರನ್ನು ಪಿಯಾನೋ ಕೈಹಿಡಿಯಿತು. ತಮ್ಮದೇ ತಂಡ ಕಷ್ಟಕ್ಕೆ ಸಿಕ್ಕಾಗ ತಮ್ಮ ಬರಹಗಳನ್ನು ಗುಡ್‌ಮನ್ ಅವರಿಗೆ ಮಾರಿದರು.

ಸೋಬಾನೆ ಪದದಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಂದೆ ಹೇಳ್ತಾರಲ್ಲ, ಹೆಂಡರ್ಸನ್ ಕೈಚಳಕವೂ ಹಾಗೇ. ಸ್ಯಾಕ್ಸೋಫೋನುಗಳ ಗುಂಪು ಒಂದು ಮಾತು ಎತ್ತಿದರೆ ಟ್ರಂಪೆಟ್, ಟ್ರಾಂಬೋನುಗಳು ಉತ್ತರ ಕೊಡುತ್ತವೆ. 1935ರ ಜುಲೈನಲ್ಲಿ ಧ್ವನಿಮುದ್ರಿಸಿದ ಕಿಂಗ್ ಪೋರ್ಟರ್ ಸ್ಟಾಂಪ್ ಕೇಳಿ ನೋಡಿ, ತಿಳಿಯುತ್ತೆ. ಆ ವರ್ಷ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ಸಭಾಂಗಣದಲ್ಲಿ ಹುಡುಗರು ಹುಚ್ಚೆದ್ದು ಕೂಗಿದ್ದು ಈ ಬಗೆಯ ಸಂಗೀತಕ್ಕೇ. ಸ್ವಿಂಗ್ ಯುಗ ಶುರುವಾದದ್ದು ಅಂದೇ ಅಂತ ಹೇಳುವುದುಂಟು.

ಬಿಳಿಯರೂ ಕರಿಯರೂ ಒಂದೇ ವೇದಿಕೆ ಹತ್ತುವುದು ಅಪರೂಪವಾಗಿದ್ದ ದಿನಗಳಲ್ಲಿ, 1936ರಲ್ಲಿ, ಗುಡ್‌ಮನ್ ಟೆಡ್ಡಿ ವಿಲ್ಸನ್ ಮತ್ತು ಲಯೊನೆಲ್ ಹ್ಯಾಂಪ್ಟನ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. 1938ರ ಜನವರಿ 16ರಂದು ಕಾರ್ನೆಗಿ ಹಾಲ್‌ನಲ್ಲಿ ಇವರೆಲ್ಲ ಕೂಡಿ ನುಡಿಸಿದರು. ವಾಷಿಂಗ್ಟನ್ನಿನಲ್ಲಿ ಹುಟ್ಟಿದ ಡ್ಯೂಕ್ ಎಲಿಂಗ್ಟನ್ ಅವರ ತಂಡದವರೂ ಅಂದು ಜೊತೆಗಿದ್ದರು. ಆ ಕಛೇರಿಯ ತಟ್ಟೆಗಳು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದು 1950ರಲ್ಲಿ ಹೊರಬಂದವು. ಈಗ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ ಅವೂ ಸೇರಿವೆ.

ಗುಡ್‌ಮನ್ ತೀರಾ ಕಟ್ಟುನಿಟ್ಟಿನ ಯಜಮಾನ. ತಂಡದವರಿಗೆ ಅವರ ನೋಟವೇ ಭಯ. ಆದರೆ ಹೆಂಡರ್ಸನ್ ಋಣವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಹೆಂಡರ್ಸನ್ ಪಾರ್ಶ್ವವಾಯು ಬಡಿದು ಮಲಗಿದಾಗ, 1951ರಲ್ಲಿ, ತಮ್ಮ ಹಳೇ ಮೂವರ ತಂಡವನ್ನು ಮತ್ತೆ ಕೂಡಿಸಿ ಅವರ ಸಹಾಯನಿಧಿಗೆಂದೇ ನುಡಿಸಿದರು. ಹೆಂಡರ್ಸನ್ 1952ರಲ್ಲಿ ತೀರಿಕೊಂಡರು, ಗುಡ್‌ಮನ್ 1986ರ ಜೂನ್ 13ರಂದು.

ನಾವೂ ಇಲ್ಲಿ ಎಷ್ಟೋ ಕೆಲಸ ಮಾಡಿಕೊಡ್ತೀವಿ, ಹೆಸರು ಬೇರೆಯವರದು ಇರುತ್ತೆ. ಕಷ್ಟಕಾಲದಲ್ಲಿ ನೆನೆದು ಬರುವವರು ಎಷ್ಟು ಜನ?