ಬ್ಲೇಡ್ ಪೊಟ್ಟಣದ ಮೇಲಿನ ಮೀಸೆ

ಕಳೆದ ಮಳೆಗಾಲದಲ್ಲಿ ನಾನು ಮೊದಲ ಸಲ ಮನೆಯಲ್ಲೇ ಶೇವ್ ಮಾಡಿಕೊಂಡೆ. ಫಳಫಳ ಹೊಳೆಯುವ ಹೊಸ ಶೇವಿಂಗ್ ಸೆಟ್ ಒಂದನ್ನು ಪೇಟೆಯಿಂದ ತಂದಿದ್ದೆ. ಮರುದಿನ ಕುತ್ತಿಗೆ ತುಂಬ ಕೆಂಪು ಗುಳ್ಳೆ. ಕ್ಲಾಸಿನಲ್ಲಿ ಗೆಳೆಯರು ಕೋಳಿ ಕುತ್ತಿಗೆ ಎಂದು ನಗಾಡಿದರು. ಎರಡು ತಿಂಗಳಾಗುವಷ್ಟರಲ್ಲಿ ಸೆಟ್ಟಿನ ಹೊಳಪೂ ಸಿಪ್ಪೆಯ ಹಾಗೆ ಎದ್ದು ಬಂತು, ಒಳಗೆ ಬೂದು ಬಣ್ಣದ ಸಣ್ಣ ಹೊಂಡಗಳು ಕಂಡವು. ಅಬ್ಬಾ ಏನೂ ಹೇಳದೆ ಕಪಾಟಿನಿಂದ ದಾದಾ ಅವರ ಹಳೆಯ ಸೆಟ್ ತೆಗೆದುಕೊಟ್ಟರು. ಅದರ ಮೇಲಿನ ಲೇಪನ ಸವೆದು ಹಿತ್ತಾಳೆಯ ಹಳದಿ ಕಾಣುತ್ತಿತ್ತು. ಕೈಗೆ ಒಳ್ಳೆಯ ಭಾರ. ಅದೇ ಬ್ಲೇಡ್, ಅದೇ ಸೋಪು ಬಳಸಿದೆ. ಉರಿಯಲಿಲ್ಲ.

ಕಾರಣ ಹುಡುಕುತ್ತಾ ಹೋದ ನನಗೆ ಸಿಕ್ಕಿದವರು ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಎಂಬುದು ಬಿರುದಲ್ಲ, ಅವರ ಹೆಸರೇ ಹಾಗೆ. ಈ ಸಂಚಿಕೆಗೆ ಒಬ್ಬರ ಜೀವನಚರಿತ್ರೆ ಬರೆಯಲು ಒಪ್ಪಿಕೊಂಡಿದ್ದೆನಲ್ಲ, ಇವರದ್ದೇ ಬರೆಯುತ್ತಿದ್ದೇನೆ.

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಕುಟುಂಬ ಆಮೇಲೆ ಶಿಕಾಗೋಗೆ ಬಂತು. 1871ರಲ್ಲಿ ಆ ನಗರಕ್ಕೆ ಬಿದ್ದ ದೊಡ್ಡ ಬೆಂಕಿಯಲ್ಲಿ ತಂದೆಯ ವ್ಯಾಪಾರವೆಲ್ಲ ಸುಟ್ಟುಹೋಯಿತು. ಹದಿನಾರರ ಹುಡುಗ ದುಡಿಯಲೇಬೇಕಾಯಿತು. ಊರೂರು ತಿರುಗುವ ಸೇಲ್ಸ್‌ಮನ್ ಆದರು, ಮುಂದೆ ಬಹುಕಾಲ ಅದೇ ಅವರ ಅನ್ನ. ಒಂದು ಹಂತದಲ್ಲಿ ಬಾಟಲಿಯ ತಗಡಿನ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವರ ಕಂಪೆನಿಯಲ್ಲಿ ಕೆಲಸ ಮಾಡಿದರು. ಒಮ್ಮೆ ಬಳಸಿ ಎಸೆಯುವಂಥ, ಗಿರಾಕಿ ಮತ್ತೆ ಮತ್ತೆ ಬಂದು ಕೊಳ್ಳುವಂಥ ವಸ್ತುವನ್ನು ಯೋಚಿಸು ಎಂದು ಅವರಿಗೆ ಸಲಹೆ ಕೊಟ್ಟವರು ಪೇಂಟರ್.

ಇಲ್ಲೊಂದು ವಿಚಿತ್ರವಿದೆ. ಅದೇ ಕಾಲದಲ್ಲಿ, 1894ರಲ್ಲಿ, ಜಿಲೆಟ್ ಒಂದು ಪುಸ್ತಕ ಪ್ರಕಟಿಸಿದರು. ವ್ಯಾಪಾರದ ಪೈಪೋಟಿಯೇ ಲೋಕದ ಕಷ್ಟಕ್ಕೆಲ್ಲ ಮೂಲ, ಎಲ್ಲ ಕೈಗಾರಿಕೆಗಳೂ ಜನರದ್ದೇ ಆದ ಒಂದು ಕಂಪೆನಿಗೆ ಸೇರಬೇಕು, ನಯಾಗರಾ ಜಲಪಾತದ ಹತ್ತಿರ ಒಂದೇ ಮಹಾನಗರ ಕಟ್ಟಿ ಜನ ಅಲ್ಲಿರಬೇಕು ಎಂಬುದು ಅದರ ಸಾರ. ಪೈಪೋಟಿ ಬೇಡವೆಂದವರೇ ಮರುವರ್ಷ ಜಗತ್ತಿನ ಅತಿ ಜೋರಿನ ವ್ಯಾಪಾರಗಳಲ್ಲಿ ಒಂದಕ್ಕೆ ಬೀಜ ಹಾಕಿದರು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಈ ಎರಡನ್ನು ಜೋಡಿಸಲು ಇನ್ನೂ ಆಗಿಲ್ಲ.

1895ರ ಒಂದು ಬೆಳಿಗ್ಗೆ ಶೇವ್ ಮಾಡಲು ಹೊರಟಾಗ ಅವರ ಉಸ್ತರಾ ಮೊಂಡಾಗಿತ್ತು. (ಮಡಚುವ ಕತ್ತಿಗೆ ನಮ್ಮ ಮನೆಯ ಉರ್ದುವಿನಲ್ಲಿ ಹಾಗೆನ್ನುತ್ತೇವೆ.) ಚರ್ಮದ ಪಟ್ಟಿಗೆ ಉಜ್ಜಿದರೆ ಸಾಲದು, ಸಾಣೆ ಹಿಡಿಸಲು ಕಳಿಸಬೇಕು. ಆಗ ಅವರಿಗೆ ಹೊಳೆದದ್ದು ಇಷ್ಟು: ಕೂದಲು ಕತ್ತರಿಸುವುದು ಕತ್ತಿಯ ಅಂಚು ಮಾತ್ರ, ಉಳಿದ ಉಕ್ಕೆಲ್ಲ ಆ ಅಂಚನ್ನು ಹಿಡಿದು ನಿಲ್ಲಿಸಲು. ಹಾಗಾದರೆ ಅಂಚನ್ನು ತೆಳು ಉಕ್ಕಿನಲ್ಲಿ ಮಾಡಿ, ಹಿಡಿದು ನಿಲ್ಲಿಸುವ ಕೆಲಸವನ್ನು ಬೇರೆ ಲೋಹಕ್ಕೆ ಕೊಡಬಾರದೇಕೆ? ಕೈ ಕೊಯ್ಯದ ಸೇಫ್ಟಿ ರೇಜರ್ ಆಗಲೇ ಇತ್ತು, ಆದರೆ ಅದರ ದಪ್ಪ ಬ್ಲೇಡನ್ನೂ ಮಸೆಯಬೇಕಿತ್ತು. ಎಸೆಯಬಹುದಾದ ತೆಳು ಬ್ಲೇಡ್, ಅದೇ ಹೊಸತು.

ಲೋಹ ಬಲ್ಲವರು ಆಗದು ಎಂದರು. ಅಷ್ಟು ತೆಳು ಉಕ್ಕನ್ನು ಕಾಯಿಸಿ ಗಟ್ಟಿ ಮಾಡಹೋದರೆ ಅದು ಸೊಟ್ಟಗಾಗುತ್ತದೆ. ಸುಮಾರು ಆರು ವರ್ಷ ಹೀಗೇ ಹೋಯಿತು. ಕೊನೆಗೆ ದಾರಿ ಕಂಡುಕೊಂಡವರು ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರ್. ಉಕ್ಕನ್ನು ಗಟ್ಟಿ ಮಾಡುವ, ಮಸೆಯುವ ಯಂತ್ರಗಳೆಲ್ಲ ಅವರ ಕೆಲಸ. 1901ರಲ್ಲಿ ಕಂಪೆನಿ ಶುರುವಾಯಿತು. ಅದಕ್ಕೆ ನಿಕರ್ಸನ್ ಹೆಸರಿಡಲಿಲ್ಲ. ಇಂಗ್ಲಿಷಿನಲ್ಲಿ ನಿಕ್ ಎಂದರೆ ಸಣ್ಣ ಗಾಯ, ಆ ಹೆಸರಿನ ರೇಜರನ್ನು ಯಾರು ಕೊಂಡಾರು ಎಂದು ಬಿಟ್ಟರಂತೆ. ಪಾಪ.

1903ರಲ್ಲಿ ಮಾರಾಟವಾದದ್ದು 51 ಸೆಟ್, 168 ಬ್ಲೇಡ್. ಮರುವರ್ಷ 90,884 ಸೆಟ್. ಪೇಟೆಂಟ್ ಸಿಕ್ಕಿದ್ದೂ ಆ ವರ್ಷದ ನವೆಂಬರ್ 15ರಂದು.

ಈಗ ನನ್ನ ಗುಳ್ಳೆಗೆ ಬರುತ್ತೇನೆ. ಜಿಲೆಟ್ ಅವರ ಯೋಚನೆಯಲ್ಲಿ ಬ್ಲೇಡಿನಷ್ಟೇ ಹಿಡಿಕೆಗೂ ಕೆಲಸವಿದೆ. ಬ್ಲೇಡನ್ನು ಎರಡು ಲೋಹದ ತುಂಡುಗಳ ನಡುವೆ ಬಾಗಿಸಿ ಬಿಗಿದಾಗಲೇ ಆ ತಗಡಿಗೆ ಬಲ ಬರುವುದು. ಬಿಗಿತ ಸಡಿಲವಾದರೆ ಅಂಚು ನಡುಗಿ ಚರ್ಮ ಕೆರೆಯುತ್ತದೆ, ಒಂದು ಬದಿ ಹೆಚ್ಚು ಹೊರಬಂದರೆ ಕೊಯ್ಯುತ್ತದೆ. ಅವರ ಮೊದಲ ಸೆಟ್‌ಗಳು ಹಿತ್ತಾಳೆಯವು, ಮೇಲೆ ಬೆಳ್ಳಿಯ ಲೇಪನ. ಹಿತ್ತಾಳೆಗೆ ಭಾರವಿದೆ, ಆದ್ದರಿಂದ ಕೈ ಒತ್ತಬೇಕಿಲ್ಲ, ಸೆಟ್ಟಿನ ತೂಕವೇ ಕೂದಲು ತೆಗೆಯುತ್ತದೆ. ನನ್ನ ಹೊಸ ಸೆಟ್ ಸತುವಿನ ಮಿಶ್ರಲೋಹದ್ದು, ಮೇಲೆ ಕ್ರೋಮಿಯಂ. ಹಗುರವಾದ್ದರಿಂದ ಗೊತ್ತಿಲ್ಲದೆ ಒತ್ತುತ್ತಿದ್ದೆ. ಕ್ರೋಮಿಯಂ ಗಟ್ಟಿಯೇ, ಇರುವಷ್ಟು ದಿನ ನಯವಾಗಿ ಜಾರುತ್ತದೆ. ಆದರೆ ಎಲ್ಲಾದರೂ ಬಿರುಕು ಬಿಟ್ಟು ನೀರು ಒಳಗಿಳಿದರೆ ಸತು ತಿಂದುಹೋಗುತ್ತದೆ. ಜೂನ್ ತಿಂಗಳಲ್ಲಿ ವಾಮಂಜೂರಿನ ನಮ್ಮ ಬಚ್ಚಲುಮನೆಯಲ್ಲಿ ಟವೆಲೇ ಒಣಗುವುದಿಲ್ಲ, ಇನ್ನು ಇದು ಉಳಿಯುತ್ತದೆಯೇ! ಎದ್ದ ಲೇಪನದ ಅಂಚು ಸೋಪಿನ ನೊರೆಯನ್ನು ಬದಿಗೆ ಸರಿಸಿ ಚರ್ಮಕ್ಕೇ ತಾಗುತ್ತದೆ. ದಾದಾ ಅವರ ಸೆಟ್ಟಿನಲ್ಲಿ ಲೇಪನ ಹೋಗಿದ್ದರೂ ಒಳಗಿನ ಹಿತ್ತಾಳೆ ಬಣ್ಣಗೆಟ್ಟಿದೆ ಅಷ್ಟೆ, ಹೊಂಡ ಬಿದ್ದಿಲ್ಲ.

ಜಿಲೆಟ್ ಸೆಟ್ಟನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡಿದರು ಎಂದು ಎಲ್ಲರೂ ಉದಾಹರಣೆ ಕೊಡುತ್ತಾರೆ, ನಾನೂ ಒಂದು ಅಸೈನ್‌ಮೆಂಟಿನಲ್ಲಿ ಹಾಗೇ ಬರೆದಿದ್ದೆ. ಆದರೆ ಪೇಟೆಂಟ್ ಇದ್ದಷ್ಟು ಕಾಲ ಸೆಟ್ಟಿನ ಬೆಲೆ 5 ಡಾಲರ್, ಆಗಿನ ಕೆಲಸಗಾರನಿಗೆ ಸಣ್ಣ ಮೊತ್ತವಲ್ಲ. ಹಳೆಯ ಮಾದರಿಯನ್ನು ಕಂಪೆನಿ ಅಗ್ಗಕ್ಕೆ ಬಿಟ್ಟದ್ದು 1921ರಲ್ಲಿ, ಪೇಟೆಂಟ್ ಮುಗಿಯುವ ಹೊತ್ತಿಗೆ. ಅದಕ್ಕೆ ಮೊದಲೇ, 1918ರಲ್ಲಿ, ಅಮೆರಿಕದ ಸರಕಾರ ಸೈನಿಕರಿಗಾಗಿ ಸುಮಾರು 35 ಲಕ್ಷ ಸೆಟ್ ಕೊಂಡಿತ್ತು.

ಬ್ಲೇಡಿನ ಪೊಟ್ಟಣದ ಮೇಲೆ ಜಿಲೆಟ್ ಅವರ ಮೀಸೆಯ ಚಿತ್ರ ಅಚ್ಚಾಗುತ್ತಿತ್ತು. ಹಾಗಾಗಿ ಪರದೇಶದಲ್ಲೂ ಜನ ಅವರ ಗುರುತು ಹಿಡಿಯುತ್ತಿದ್ದರು. ಆದರೆ ಕಂಪೆನಿಯ ಹಿಡಿತ ಬಹಳ ಬೇಗ ಬಂಡವಾಳ ಹಾಕಿದವರ ಕೈಗೆ ಹೋಗಿತ್ತು. 1910ರಲ್ಲಿ ತಮ್ಮ ಕನಸಿನ ಲೋಕ ಕಂಪೆನಿಗೆ ಅಧ್ಯಕ್ಷರಾದರೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದು ಥಿಯೋಡರ್ ರೂಸ್‌ವೆಲ್ಟ್ ಅವರನ್ನೇ ಕೇಳಿದರು. ರೂಸ್‌ವೆಲ್ಟ್ ಒಪ್ಪಲಿಲ್ಲ. ಜಿಲೆಟ್ ಕ್ಯಾಲಿಫೋರ್ನಿಯಾದಲ್ಲಿ ಜಮೀನು, ಬಂಗಲೆಗೆ ಹಣ ಸುರಿದರು. 1929ರಲ್ಲಿ ಷೇರುಪೇಟೆ ಬಿತ್ತು. ಮರುವರ್ಷ ಇನ್ನೊಂದು ರೇಜರ್ ಕಂಪೆನಿಯ ಜೊತೆ ವಿಲೀನವಾಗುವಾಗ, ಕಂಪೆನಿ ಹಲವು ವರ್ಷ ಲಾಭವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಿದ್ದು ಹೊರಬಿತ್ತು. ಅಕೌಂಟೆನ್ಸಿ ಓದುವವರು ಇದನ್ನು ಗುರುತು ಹಾಕಿಕೊಳ್ಳಿ. 1931ರಲ್ಲಿ ಜಿಲೆಟ್ ಹುದ್ದೆ ಬಿಟ್ಟರು. 1932ರ ಜುಲೈ 9ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಾಗ ಅವರ ಸಂಪತ್ತು ಬಹುಪಾಲು ಕರಗಿತ್ತು.

ಮೊನ್ನೆ ಜಂಕ್ಷನ್ ಹತ್ತಿರದ ಸೆಲೂನಿಗೆ ಹೋಗಿದ್ದೆ. ಅಲ್ಲಿಯ ಅಣ್ಣ ಹೊಸ ಬ್ಲೇಡನ್ನು ಪೊಟ್ಟಣದ ಸಮೇತ ನಡುವೆ ಮುರಿದು, ಅರ್ಧವನ್ನು ಉಸ್ತರಾಕ್ಕೆ ಸಿಕ್ಕಿಸಿದರು. ಉಳಿದರ್ಧವನ್ನು ಮುಂದಿನವರಿಗೆಂದು ಕನ್ನಡಿಯ ಕೆಳಗಿಟ್ಟರು.